ಅಟ್ಟ ಹತ್ತಿ ಕೂತ ರೇಡಿಯೋ

ಹೊನ್ನವಳ್ಳಿಯ ನಮ್ಮ ದೊಡ್ಡಮ್ಮನ ಮನೆಗೆ ನೀವು ಯಾವತ್ತಾದರೂ ಹೋದರೆ, ನಡುಮನೆಯ ಗೋಡೆಯಲ್ಲಿ ಸಾಲಾಗಿರುವ ಸ್ವಿಚ್ಚುಗಳಲ್ಲಿ ಕಟ್ಟಕಡೆಯದನ್ನು ಮಾತ್ರ ಒತ್ತಬೇಡಿ. ನಡುಮಧ್ಯಾಹ್ನ ಸೆಕೆಯೆಂದು ಫ್ಯಾನು ಹಾಕಲು ಹೋಗಿ ಅದನ್ನು ಒತ್ತಿದವರು ಬೇಕಾದಷ್ಟು ಜನ. ಫ್ಯಾನು ತಿರುಗುವುದಿಲ್ಲ, ಲೈಟು ಹತ್ತುವುದಿಲ್ಲ. ಬದಲಿಗೆ ನೆತ್ತಿಯ ಮೇಲಿನ ಅಟ್ಟದಿಂದ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು, "ರೈತ ಬಾಂಧವರೇ, ತೆಂಗಿನ ಬುಡಕ್ಕೆ ಬೇವಿನ ಹಿಂಡಿ ಹಾಕುವ ಮುನ್ನ..." ಎಂದು ಶುರು ಮಾಡುತ್ತಾನೆ. ಒಮ್ಮೆ ಹೆಣ್ಣು ನೋಡಲು ಬಂದವರು ಆ ದನಿ ಕೇಳಿ ಬೆಚ್ಚಿ, ಕಾಫಿಯನ್ನು ಪಂಚೆಯ ಮೇಲೆ ಚೆಲ್ಲಿಕೊಂಡು, "ಮೇಲೆ ಯಾರನ್ನ ಕೂಡಿಹಾಕಿದೀರ್ರೀ?" ಎಂದು ಕೇಳಿದ್ದರು.

ಆ ಗಂಡಸು ನಾನೇ. ನಾನು ಅಂದರೆ ನನ್ನ ದನಿ. ತಿಪಟೂರಿನ ಅಂಚಿನಲ್ಲಿ ಒಂದು ಪುಟ್ಟ ಮೀಡಿಯಂ ವೇವ್ ರೇಡಿಯೋ ಕೇಂದ್ರವಿದೆ. ಅಲ್ಲಿ ದಿನಾ ಮಧ್ಯಾಹ್ನ ಅರ್ಧ ಗಂಟೆ 'ತೋಟದ ಮಾತು' ಎಂಬ ಕಾರ್ಯಕ್ರಮ ನಡೆಸುವುದು ನನ್ನ ಕೆಲಸ. ಗೊಬ್ಬರ, ಹುಳ, ನೀರು, ನುಸಿರೋಗ, ಇವೇ ನನ್ನ ರಾಗಗಳು. ಆ ಅರ್ಧ ಗಂಟೆ ದೊಡ್ಡಮ್ಮನ ಅಟ್ಟದಲ್ಲಿ ಏಕೆ ಮೊಳಗುತ್ತದೆ ಎಂದು ನಿಮಗೆ ಅನ್ನಿಸಿರಬಹುದು. ತಂಗಿಯ ಮಗನ ಮೇಲಿನ ಅಭಿಮಾನ ಎಂದುಕೊಂಡರೆ ತಪ್ಪು. ನಾನೂ ಬಹಳ ಕಾಲ ಆ ತಪ್ಪನ್ನೇ ಹಿತವಾಗಿ ನಂಬಿಕೊಂಡಿದ್ದೆ.

ತೆಂಗಿನ ಸೀಮೆಯವರಲ್ಲದವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕೊಬ್ಬರಿ ಎಂದರೆ ಒಡೆದು ಬಿಸಿಲಿಗೆ ಹಾಕಿದ ಹೋಳಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ, ಹೆಚ್ಚುಕಮ್ಮಿ ಒಂದು ವರ್ಷ ಅದರ ಪಾಡಿಗೆ ಅದನ್ನು ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆಯಾಗಿ ಅಲುಗಾಡಲು ಶುರುವಾಗುತ್ತದೆ. ಅದೇ ಗಿಟುಕು. ಅಷ್ಟು ದಿನವೂ ಅಟ್ಟಕ್ಕೆ ಯಾರೂ ಹತ್ತಬಾರದು, ಕಾಯಿ ಕದಲಿಸಬಾರದು. ಕದಲಿಸಿದರೆ ಒಳಗೇ ಕೊಳೆಯುತ್ತದೆ ಎಂದು ದೊಡ್ಡಮ್ಮನ ನಂಬಿಕೆ. ಅವಳ ನಂಬಿಕೆಗೆ ಎದುರಾಡಿ ಆ ಮನೆಯಲ್ಲಿ ಊಟ ಮಾಡಿ ಎದ್ದವರಿಲ್ಲ.

ನಾನು ಚಿಕ್ಕವನಿದ್ದಾಗ ಕಾಯಿ ಇಳಿಸುವ ದಿನ ಬೇಸಿಗೆ ರಜೆಗಿಂತ ದೊಡ್ಡದು. ದೊಡ್ಡಪ್ಪ ಒಂದು ಕಾಯಿ ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. "ಕೇಳುಸ್ತೇನ್ಲಾ ಶಿವು?" ನನಗೆ ಏನೂ ಕೇಳಿಸದಿದ್ದರೂ, "ಹೂ ದೊಡ್ಡಪ್ಪ, ಗುಡುಗುಡು ಅಂತದೆ" ಎನ್ನುತ್ತಿದ್ದೆ. ದೊಡ್ಡಪ್ಪ ತನ್ನ ಕಿವಿಗೊಮ್ಮೆ ಹಿಡಿದುಕೊಂಡು, ನನ್ನನ್ನೊಮ್ಮೆ ನೋಡಿ, ಮಾತಾಡದೆ ಕಾಯನ್ನು ಪಕ್ಕಕ್ಕಿಡುತ್ತಿದ್ದ. ಇಲ್ಲದ ಸದ್ದನ್ನು ಇದೆ ಎಂದು ಧೈರ್ಯವಾಗಿ ಹೇಳುವ ನನ್ನ ಈ ಗುಣ ನೋಡಿಯೇ ಇರಬೇಕು, ಮುಂದೆ ರೇಡಿಯೋದವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು.

ಅಟ್ಟಕ್ಕೆ ಹತ್ತಬಾರದು ಎಂಬುದು ಮನುಷ್ಯರಿಗಾಯಿತು. ಇಲಿಗೆ, ಅಳಿಲಿಗೆ ಹೇಳುವವರು ಯಾರು? ಗಂಡಸರೆಲ್ಲ ತೋಟಕ್ಕೆ ಹೋಗಿ ನಡುಮಧ್ಯಾಹ್ನ ಮನೆ ತಣ್ಣಗಾದ ಹೊತ್ತಿಗೆ ಅವು ಬಂದು ಕಾಯಿ ಕೊರೆಯುತ್ತಿದ್ದವು. ಒಂದು ಬೆಕ್ಕು ತಂದರು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಈ ಬೆಕ್ಕಿಗೆ ಚೆಲ್ಲಾಟವೂ ಬೇಕಿರಲಿಲ್ಲ, ಮೊಸರನ್ನ ತಿಂದು ರಾಗಿ ಮೂಟೆಯ ಮೇಲೆ ಮಲಗುತ್ತಿತ್ತು. ಕಡೆಗೆ ದೊಡ್ಡಮ್ಮನಿಗೆ ಹೊಳೆದದ್ದು ರೇಡಿಯೋ. ಮೇಲೆ ಯಾರೋ ಮಾತಾಡುತ್ತಿದ್ದರೆ, ಅಟ್ಟದಲ್ಲೇ ಜನ ಇದ್ದಾರೆಂದು ಇಲಿ ಹತ್ತಿರ ಸುಳಿಯುವುದಿಲ್ಲ ಎಂದು ಅವಳ ಲೆಕ್ಕಾಚಾರ.

ದೊಡ್ಡಪ್ಪನ ಹಳೆಯ ಮೀಡಿಯಂ ವೇವ್ ರೇಡಿಯೋವನ್ನು ಅಟ್ಟದ ತೊಲೆಗೆ ನೇತು ಹಾಕಿ, ವೈರು ಎಳೆದು, ಕೆಳಗಿನ ಗೋಡೆಗೆ ಸ್ವಿಚ್ಚು ಕೂರಿಸಿಕೊಟ್ಟವರು ತಿಪಟೂರಿನ ರಿಪೇರಿ ಅಂಗಡಿಯ ಬಾಷಾ ಸಾಹೇಬರು. ಕೆಲಸ ಮುಗಿಸಿ ಕೆಳಗಿಳಿದವರು, "ಅಮ್ಮಾ, ಒಂದೇ ಸ್ಪೀಕರ್ರು ಸಾಕಾ, ಇಲಿಗೆ ಸ್ಟೀರಿಯೋ ಬೇಕಾ?" ಎಂದರಂತೆ. ಆಮೇಲೆ ಕಾಯಿ ತುಂಬಿದರು. ರೇಡಿಯೋ ಕಾಯಿಯ ರಾಶಿಯ ಆಚೆ ಉಳಿಯಿತು. ಇನ್ನು ಅದರ ಸ್ಟೇಷನ್ನು ತಿರುಗಿಸಬೇಕೆಂದರೆ, ಸದ್ದು ಕಮ್ಮಿ ಮಾಡಬೇಕೆಂದರೆ, ಕಾಯಿ ಇಳಿಯುವವರೆಗೆ ಸಾಧ್ಯವೇ ಇಲ್ಲ. ಕೆಳಗಿನಿಂದ ಮಾಡಬಹುದಾದದ್ದು ಹಾಕುವುದು, ಆರಿಸುವುದು, ಎರಡೇ. ಪಕ್ಕದ ತೋಟದ ಬೋರ್‌ವೆಲ್ ಮೋಟರು ಶುರುವಾದರೆ ಗೊರಗೊರ ಎನ್ನುತ್ತದೆ. ಅದೂ ಇಲಿಗೆ ಒಳ್ಳೆಯದೇ ಎಂದು ದೊಡ್ಡಮ್ಮ ಸುಮ್ಮನಾದಳು.

ಇಷ್ಟೆಲ್ಲ ಈಗ ಏಕೆ ನೆನಪಾಯಿತೆಂದರೆ, ನಮ್ಮ ಕೇಂದ್ರಕ್ಕೆ ಹೊಸ ಮುಖ್ಯಸ್ಥೆ ಬಂದರು. ಮೇಡಂ ಒಳ್ಳೆಯವರು. ಏನು ಹೇಳಿದರೂ ನಗುನಗುತ್ತ ಹೇಳುತ್ತಾರೆ, ನನಗೆ ಹೆದರಿಕೆ ಹುಟ್ಟಿಸುವುದೂ ಅದೇ. ಒಂದು ದಿನ ಕರೆದು ಕೂರಿಸಿದರು.

"ಶಿವಕುಮಾರ್, ನಿಮ್ಮ ಅರ್ಧ ಗಂಟೆ ತೆಗೆದು ಬರೀ ಹಾಡು ಹಾಕೋಣ ಅಂತಿದೀನಿ. ಕೊಬ್ಬರಿ ರೇಟು ಮೊಬೈಲಲ್ಲಿ ಬರುತ್ತೆ, ಮಳೆ ಬರುತ್ತೋ ಇಲ್ವೋ ಮೊಬೈಲಲ್ಲಿ ಬರುತ್ತೆ, ಹುಳಕ್ಕೆ ಔಷಧಿನೂ ಅದರಲ್ಲೇ ಬರುತ್ತೆ. ನಿಮ್ಮನ್ನ ಯಾರು ಕೇಳ್ತಾರೆ ಹೇಳಿ?"

"ಜನ ಕೇಳ್ತಾರೆ ಮೇಡಂ."

"ಯಾರು?"

ಇಷ್ಟು ವರ್ಷ ಗಾಳಿಯಲ್ಲಿ ಮಾತಾಡಿದ ಬಾಯಿಗೆ ಒಂದೇ ಹೆಸರು ಸಿಕ್ಕಿತು. "ನಮ್ಮ ದೊಡ್ಡಮ್ಮ" ಎಂದೆ. ಪಕ್ಕದಲ್ಲಿದ್ದ ಇಂಜಿನಿಯರು ಕೆಮ್ಮಿನ ನೆಪ ಮಾಡಿ ಎದ್ದು ಹೋದರು. ಮೇಡಂ ನಗುತ್ತಲೇ ತೀರ್ಮಾನ ಹೇಳಿದರು. ಸ್ವಲ್ಪ ದಿನ ಮಧ್ಯಾಹ್ನ ಹಾಡು ಹಾಕಿ ನೋಡುವುದು. ಆಮೇಲೆ ಶ್ರೋತೃಗಳನ್ನು ಕರೆದು ಒಂದು ಸಭೆ. ಅವರು ಏನು ಹೇಳುತ್ತಾರೋ ಅದೇ ಸರಿ. ನನ್ನ ಅರ್ಧ ಗಂಟೆ ಹೋದರೆ ಹಾಡುಗಳ ನಡುವೆ "ಈಗ ಸಮಯ ಹನ್ನೆರಡೂವರೆ" ಎಂದು ಹೇಳುವ ಕೆಲಸ ನನಗೆ ಉಳಿಯುತ್ತಿತ್ತು. ಅದನ್ನು ಗೋಡೆ ಗಡಿಯಾರ ನನಗಿಂತ ಚೆನ್ನಾಗಿ ಮಾಡುತ್ತದೆ. ನಿಜ ಹೇಳುತ್ತೇನೆ, ಆ ದಿನ ನನಗೆ ಬಹಳ ಸಂಕಟವಾಯಿತು.

ಮನೆಗೆ ಬಂದು ಹೆಂಡತಿ ಶೈಲಳ ಹತ್ತಿರ ದುಃಖ ತೋಡಿಕೊಂಡೆ. "ನೀನಾದ್ರೂ ಸಭೇಲಿ ಬಂದು ಒಂದ್ ಮಾತು ಹೇಳೇ, ದಿನಾ ಕೇಳ್ತೀನಿ ಅಂತ" ಎಂದೆ.

"ಮನೇಲಿ ಕೇಳೋದೇ ಸಾಕಾಗೈತೆ, ರೇಡಿಯೋಲೂ ಕೇಳ್ಬೇಕೇನ್ರೀ?" ಎಂದು ಅವಳು ಮಿಕ್ಸಿ ಹಾಕಿದಳು.

ಹಾಡು ಶುರುವಾದ ಕೆಲವೇ ದಿನಕ್ಕೆ ಹೊನ್ನವಳ್ಳಿಯಿಂದ ಫೋನು ಬಂತು. ದೊಡ್ಡಮ್ಮ ಫೋನಿನಲ್ಲಿ ಮಾತಾಡುವುದೆಂದರೆ ಫೋನಿಲ್ಲದೆಯೂ ತಿಪಟೂರಿಗೆ ಕೇಳಿಸಬೇಕು ಎನ್ನುವ ಹಾಗೆ.

"ಲೇ ಶಿವು, ಎಲ್ಲೋಗಿದ್ದೀಯ್ಲಾ? ಅಟ್ಟದ ಮ್ಯಾಲೆ ಹಾಡು ಹಾಕ್ಕಂಡು ಇಲಿಗಳು ಮದ್ವೆ ಮಾಡ್ತಾ ಅವೆ!"

"ನಾನು ಮಾತಾಡ್ತಿಲ್ಲ ಅಂತ ಬಂದ್ವಾ ದೊಡ್ಡಮ್ಮ?"

"ಹೂ ಕಣ್ಲಾ. ನೀನಿದ್ದಾಗ ಒಂದಾದ್ರೂ ಇತ್ತಾ? ಬಾ ಬೇಗ, ಶುರು ಮಾಡು."

ಫೋನು ಇಟ್ಟಮೇಲೆ ನಾನು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡೆ. ಜೀವಮಾನದಲ್ಲಿ ನನಗೆ ಸಿಕ್ಕ ಮೊದಲ ಪ್ರಶಸ್ತಿ. ಕೊಟ್ಟವರು ಇಲಿಗಳಾದರೇನು? ನನ್ನ ದನಿಯಲ್ಲಿ ಏನೋ ಒಂದು ಗತ್ತು ಇದೆ ಎಂದು ಅವಕ್ಕಾದರೂ ಗೊತ್ತಾಗಿದೆ. ದೊಡ್ಡಮ್ಮನನ್ನೇ ಸಭೆಗೆ ಸಾಕ್ಷಿಯಾಗಿ ಕರೆತಂದರೆ ಮೇಡಂ ಬಾಯಿ ಮುಚ್ಚಿಸಬಹುದು ಎಂದು ಲೆಕ್ಕ ಹಾಕಿ, ಮಾರನೆಯ ದಿನವೇ ಗಾಡಿ ತೆಗೆದುಕೊಂಡು ಹೊನ್ನವಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಎರಡೂ ಕಡೆ ತೆಂಗಿನ ಮರಗಳು ತಲೆದೂಗುತ್ತಿದ್ದವು. ಅದು ನನ್ನನ್ನು ಮೆಚ್ಚಿಯೇ ಎಂದು ಆ ಹೊತ್ತಿನಲ್ಲಿ ನಂಬಿದ್ದೆ.

ನಡುಮನೆಯಲ್ಲಿ ದೊಡ್ಡಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಸೊಸೆ ಗಿರಿಜ. ಅಟ್ಟದಲ್ಲಿ ಯಾರದೋ ಇಂಪಾದ ಹಾಡು. ಆ ಹಾಡಿನ ನಡುನಡುವೆ ಕರಕರ ಕರಕರ ಎಂದು ಇಲಿಗಳ ತಾಳ. ಇವೆರಡಕ್ಕಿಂತ ನನಗೆ ವಿಚಿತ್ರವಾಗಿ ಕಂಡದ್ದು ದೊಡ್ಡಮ್ಮನ ಮುಖ. ಬಾಯಿ ಮುಚ್ಚಿತ್ತು. ಎಚ್ಚರವಾಗಿರುವ ಹೊತ್ತಿನಲ್ಲಿ ದೊಡ್ಡಮ್ಮನ ಬಾಯಿ ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಗಾಬರಿಯಾಯಿತು.

"ಹಾಡು ಆರ್ಸು ಗಿರಿಜಾ" ಎಂದೆ. "ಇಲಿ ಹೆಂಗೆ ಓಡ್ತಾವೆ ನೋಡ್ತಿರು." ಅಟ್ಟದ ಕೆಳಗೆ ನಿಂತು, ಎದೆ ಉಬ್ಬಿಸಿ, ಸ್ಟುಡಿಯೋದಲ್ಲಿ ಹೇಳುವ ಹಾಗೆಯೇ ಶುರು ಮಾಡಿದೆ. "ರೈತ ಬಾಂಧವರೇ, ಬೇಸಿಗೆ ಬರುವ ಮುನ್ನ ತೆಂಗಿನ ತೋಟದಲ್ಲಿ ತೇವ ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಇಂದು ನೋಡೋಣ..."

ಕರಕರ ನಿಲ್ಲಲಿಲ್ಲ. ದನಿ ಏರಿಸಿದೆ. ಕರಕರವೂ ಏರಿತು. ಒಂದು ಇಲಿಯಂತೂ ತೊಲೆಯ ಅಂಚಿಗೆ ಬಂದು, ಮೀಸೆ ಅಲ್ಲಾಡಿಸಿ, ನನ್ನನ್ನು ಸಾವಕಾಶವಾಗಿ ನೋಡಿ ಒಳಗೆ ಹೋಯಿತು. ನಾನು ಬಿಡದೆ, "ಒಣಗಿದ ಗರಿಗಳನ್ನು ಮರದ ಬುಡಕ್ಕೆ ಹೊದಿಸುವುದರಿಂದ..." ಎಂದೆ.

ಅಷ್ಟೇ, ಮೊರ ಪಕ್ಕಕ್ಕೆ ಹೋಯಿತು. "ಗರಿ ಹೊದ್ಸೋದಂತೆ ಗರಿ! ಗರಿಯೆಲ್ಲ ಬುಡಕ್ಕೆ ಹೊದ್ಸಿದ್ರೆ ನೀರೊಲೆಗೇನ್ ನಿನ್ ತಲೆ ಇಡ್ಲಾ? ಕೂತ್ಕಂಡು ಹೇಳೋಕೇನು, ಬಂದು ಒಂದಿನ ಗರಿ ಹೊರು, ಗೊತ್ತಾಯ್ತದೆ!" ಎಂದು ದೊಡ್ಡಮ್ಮ ಅಟ್ಟದ ಕಡೆಗೆ ಮುಖ ಎತ್ತಿ ಕೈ ಬೀಸಿ ಕೂಗಿದಳು. ನಾನು ಎದುರಿಗೇ ನಿಂತಿದ್ದರೂ ಅಭ್ಯಾಸಬಲದಿಂದ ಬೈಗುಳ ಮೇಲಕ್ಕೇ ಹೋಯಿತು. ಮೇಲೆ ದಡದಡ ಎಂದು ಓಟ. ಆಮೇಲೆ ಸದ್ದೇ ಇಲ್ಲ.

ಗಿರಿಜ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. "ಅಯ್ಯೋ ಭಾವ, ನಿಮ್ಗಿದು ಗೊತ್ತಿರ್ಲಿಲ್ವಾ? ಇಲಿ ಓಡ್ತಿದ್ದಿದ್ದು ನಿಮ್ ಮಾತಿಗಲ್ಲ, ಅತ್ತೆ ನಿಮ್ಗೆ ಬಯ್ಯೋದಕ್ಕೆ. ನೀವು ಒಂದ್ ಅಂದ್ರೆ ಇವ್ರು ನಾಕ್ ಅಂತಾರೆ, ದಿನಾ."

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ಇಷ್ಟು ವರ್ಷ ಅಗೆದು ನಾನು ಅದನ್ನೂ ಹಿಡಿದಿರಲಿಲ್ಲ. ಪ್ರಶಸ್ತಿ ಕೈಬಿಟ್ಟು ಹೋಯಿತು. ಮುಖ ಸಣ್ಣದು ಮಾಡಿಕೊಂಡು, "ಹಾಡು ಬಂದ್ರೂ ಬಯ್ಯಬಹುದಿತ್ತಲ್ಲ ದೊಡ್ಡಮ್ಮ?" ಎಂದು ಕೇಳಿದೆ.

"ಹಾಡ್ಗೆ ಏನಂತ ಉತ್ರ ಕೊಡೋದ್ಲಾ?" ಎಂದಳು. "ಅದ್ರ ಪಾಡ್ಗೆ ಅದು ಹೋಗ್ತದೆ. ನೀನಾದ್ರೆ ಒಂದೊಂದ್ ಮಾತ್ಗೂ ಸಿಗ್ತೀಯ. ಹಾಡು ಬಂದಾಗ್ಲಿಂದ ಮಧ್ಯಾಹ್ನ ಹೊತ್ತೇ ಹೋಗಕಿಲ್ಲ ಕಣಪ್ಪ, ಮುದ್ದೆನೂ ಗಂಟ್ಲಲ್ಲಿ ಇಳಿಯಕಿಲ್ಲ."

ದೊಡ್ಡಮ್ಮ ಹೇಳುವುದೆಲ್ಲ ಸರಿ ಎಂದೇನೂ ತಿಳಿಯಬೇಡಿ. ಹನಿ ನೀರಾವರಿಯ ಪೈಪಿನಲ್ಲಿ ನೀರು ಉಸಿರು ಕಟ್ಟಿ ಸತ್ವ ಕಳಕೊಳ್ಳುತ್ತದೆ ಎಂದು ವಾದಿಸಿದವಳು ಅವಳು. ಆದರೆ ಆ ಮಾತು ಕೇಳಿದ ಮೇಲೆ ನನಗೆ ಅವಮಾನ ಎಷ್ಟಾಯಿತೋ ಸಂತೋಷವೂ ಅಷ್ಟೇ ಆಯಿತು. ಮೈಕಿನ ಮುಂದೆ ಒಬ್ಬನೇ ಕೂತು ಗೋಡೆಗೆ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದವನಿಗೆ, ಆಚೆಯಿಂದ ಒಂದೊಂದು ವಾಕ್ಯಕ್ಕೂ ಉತ್ತರ ಬರುತ್ತಿತ್ತು ಎಂದು ಗೊತ್ತಾದರೆ ಹೇಗಾಗಬೇಡ? ಉತ್ತರದ ತುಂಬ ನನ್ನ ತಲೆ ಒಲೆಗೆ ಹೋಗುತ್ತಿತ್ತು ಎಂಬುದು ಬೇರೆ ವಿಷಯ. ಅಂದು ಅವರೆಕಾಳಿನ ಸಾರು ಎರಡು ಸಲ ಹಾಕಿಸಿಕೊಂಡು ಉಂಡೆ.

ಸಭೆಯ ದಿನ ದೊಡ್ಡಮ್ಮ ಹಣೆ ತುಂಬ ವಿಭೂತಿ, ಮೈಗೆ ಇಳಕಲ್ ಸೀರೆ, ಕೈಯಲ್ಲಿ ಎಲೆಯಡಿಕೆ ಚೀಲದೊಂದಿಗೆ ನನ್ನ ಗಾಡಿಯ ಹಿಂದೆ ಕೂತು ಬಂದಳು. ಕೇಂದ್ರದ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿ, ಕಾಫಿ, ಕಾಯಿ ಬರ್ಫಿ. ಮುಂದೆ ಕೂತಿದ್ದ ಕಾಲೇಜಿನ ಹುಡುಗಿಯರು ಹಾಡೇ ಬೇಕು ಎಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅವರ ವಯಸ್ಸಿನಲ್ಲಿ ಬೇವಿನ ಹಿಂಡಿ ಬೇಕೆನ್ನುವವರನ್ನು ನಾನೂ ನಂಬುವುದಿಲ್ಲ. ಮೇಡಂ ನನ್ನ ಕಡೆ ನೋಡಿ ನಕ್ಕರು. ಆಗ ದೊಡ್ಡಮ್ಮ ಎದ್ದಳು.

"ಹಾಡು ಹಾಕ್ರಮ್ಮ, ಬ್ಯಾಡ ಅನ್ನಕಿಲ್ಲ. ನಮ್ ಅಟ್ಟದ ಕಾಯಿ ಇಳಿಯೋಗಂಟ ತಡೀರಿ ಸಾಕು."

"ಕಾಯಿಗೂ ರೇಡಿಯೋಗೂ ಏನು ಸಂಬಂಧ ಅಮ್ಮ?" ಎಂದರು ಮೇಡಂ.

ದೊಡ್ಡಮ್ಮ ತೊಲೆ, ವೈರು, ಸ್ವಿಚ್ಚು, ಇಲಿ ಎಲ್ಲವನ್ನೂ ವಿವರವಾಗಿ ಹೇಳಿದಳು. ಸಭೆಯ ತುಂಬ ನಗು. ಮೇಡಂ ಕಣ್ಣೊರೆಸಿಕೊಂಡು, "ಸರಿ ಅಮ್ಮ, ನಿಮಗೋಸ್ಕರ ಕಾಯೋಣ. ಯಾವಾಗ ಇಳಿಸ್ತೀರಿ?" ಎಂದರು.

"ಗೌರಿ ಹಬ್ಬ ಕಳೀಲಿ."

ಹಿಂದಿನ ಸಾಲಿನಿಂದ ಹಾಲ್ಕುರಿಕೆಯ ಒಬ್ಬ ಯಜಮಾನರು ಹೆಗಲ ಟವೆಲ್ಲು ಸರಿಮಾಡಿಕೊಂಡು ಎದ್ದರು. "ಅದಾಗಕಿಲ್ಲ ಕಣ್ರೀ. ನಮ್ದು ದೀಪಾವಳಿಗೆ ಏರ್ಸಿರೋದು. ಗೌರಿ ಹಬ್ಬಕ್ಕೆ ಒಣಗೇ ಇರಕಿಲ್ಲ. ನಮ್ ರೇಡಿಯೋನೂ ಒಳ್ಗೇ ಐತೆ."

"ನಮ್ದು ಯುಗಾದಿಗೆ ಏರಿರೋದು" ಎಂದರು ಹಂದನಕೆರೆಯ ಒಬ್ಬ ಹೆಂಗಸು. "ಯುಗಾದಿಗೆ ಇಳ್ಸಿ, ಆವತ್ತೇ ಹೊಸದು ತುಂಬ್ತೀವಿ."

ದೊಡ್ಡಮ್ಮ ಹೆಮ್ಮೆಯಿಂದ ನನ್ನ ಕಡೆ ತಿರುಗಿ, "ಎಲ್ಲಾರ್ಗೂ ನಾನೇ ಹೇಳ್ಕೊಟ್ಟಿದ್ದು ಕಣ್ಲಾ" ಎಂದಳು. ಮೇಡಂ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಮುಂದಕ್ಕೂ ಹಿಂದಕ್ಕೂ ಮಗುಚಿದರು. ಈ ಸೀಮೆಯ ಅಟ್ಟಗಳೆಲ್ಲ ಒಟ್ಟಿಗೆ ಖಾಲಿಯಾಗುವ ಒಂದು ತಿಂಗಳು ಅದರಲ್ಲಿ ಸಿಗಲಿಲ್ಲ. ನನಗೆ ಸಿಕ್ಕದ್ದು ಬೇರೆ. ದಾರಿಯಲ್ಲಿ ಸಿಕ್ಕಾಗೆಲ್ಲ "ನಿಮ್ ಪ್ರೋಗ್ರಾಂ ದಿನಾ ಹಾಕ್ತೀವಿ ಸಾರ್" ಎಂದು ಕೈಮುಗಿಯುತ್ತಿದ್ದ ನನ್ನ ಅಭಿಮಾನಿಗಳು ಇವರೇ. ಹಾಕ್ತೀವಿ ಅಂದಿದ್ದರೇ ಹೊರತು ಎಲ್ಲಿ ಹಾಕ್ತೀವಿ ಎಂದು ಒಬ್ಬರೂ ಹೇಳಿರಲಿಲ್ಲ.

ಮೇಡಂ ನಗು ನಿಲ್ಲಿಸಿದರು. "ಅಂದ್ರೆ ಇವರು ಮಾತಾಡೋದನ್ನ ನೀವ್ಯಾರೂ ಕೇಳೋದೇ ಇಲ್ಲ, ಅಲ್ವಾ?"

ನಾನು ಕಾಫಿ ಲೋಟದೊಳಗೆ ನೋಡುತ್ತ ಕೂತೆ. ಮುಗಿಯಿತು, ನಾಳೆಯಿಂದ ಸಮಯ ಹೇಳುವುದೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

"ಏನಮ್ಮ ಹಿಂಗಂತೀಯ?" ಎಂದಳು ದೊಡ್ಡಮ್ಮ. "ಕೇಳ್ದೆ ಹೆಂಗ್ ಬಯ್ಯೋದು? ಬಯ್ಯಬೇಕಾದ್ರೆ ಪೂರ್ತಿ ಕೇಳ್ಬೇಕಲ್ಲ!"

"ನಾನೂ ಬಯ್ತೀನಿ" ಎಂದರು ಹಾಲ್ಕುರಿಕೆಯವರು, ಸ್ವಲ್ಪ ಸಂಕೋಚದಿಂದ.

"ನಾನ್ ಬಯ್ಯಕಿಲ್ಲಪ್ಪ" ಎಂದರು ಹಂದನಕೆರೆಯವರು. "ನಮ್ ಯಜಮಾನ್ರು ಬಯ್ತಾರೆ. ನಾನು ಅವ್ರಿಗೆ ಬಯ್ತೀನಿ."

ಮೇಡಂ ಮುಖಕ್ಕೆ ಮೊದಲಿನ ನಗು ಮತ್ತೆ ಬಂತು. "ಹಾಗಾದ್ರೆ ಆ ಬೈಗುಳ ನಮಗೂ ಕೇಳಿಸಲಿ" ಎಂದರು. ಹುಡುಗಿಯರಿಗೆ ಬೆಳಗಿನ ಹೊತ್ತು ಹಾಡು. ಮಧ್ಯಾಹ್ನ ನನ್ನ ಅರ್ಧ ಗಂಟೆ ನನಗೇ. ಆದರೆ ಇನ್ನು ಮೇಲೆ ನಾನೊಬ್ಬನೇ ಮಾತಾಡುವ ಹಾಗಿಲ್ಲ. ಕೇಳುವವರು ಆಗಲೇ ಫೋನು ಮಾಡಿ ಉತ್ತರ ಕೊಡಬಹುದು. ಕಾರ್ಯಕ್ರಮದ ಹೆಸರು 'ಎದುರುಮಾತು'. ನನಗೆ ಎದ್ದು ಕುಣಿಯಬೇಕೆನ್ನಿಸಿತು. ಸರ್ಕಾರಿ ಮುಖ ಇಟ್ಟುಕೊಂಡು ಇನ್ನೊಂದು ಬರ್ಫಿ ತೆಗೆದುಕೊಂಡೆ.

ಮೊದಲ ದಿನದ ಮೊದಲ ಫೋನು ಯಾರದೆಂದು ನಿಮಗೆ ಹೇಳಬೇಕಾಗಿಲ್ಲ.

"ನಮಸ್ಕಾರ, ಎದುರುಮಾತಿಗೆ ಸ್ವಾಗತ. ಯಾರು ಮಾತಾಡ್ತಿರೋದು?"

"ಯಾರು ಅಂತ ಕೇಳ್ತೀಯಲ್ಲೋ, ನಿನ್ ದೊಡ್ಡಮ್ಮ ಕಣ್ಲಾ!"

ಫೋನು ಮಾಡುವವರಿಗೆ ಮೊದಲು ಒಂದು ಮಾತು ಹೇಳಲೇಬೇಕೆಂದು ಇಂಜಿನಿಯರು ಹತ್ತು ಸಲ ಎಚ್ಚರಿಸಿದ್ದರು. ಅದನ್ನೇ ಹೇಳಿದೆ. "ದಯವಿಟ್ಟು ನಿಮ್ಮ ರೇಡಿಯೋ ಸದ್ದು ಕಡಿಮೆ ಮಾಡಿ ಮಾತಾಡಿ."

"ಹೆಂಗ್ಲಾ ಕಮ್ಮಿ ಮಾಡ್ಲಿ? ಕಾಯಿ ರಾಶಿ ಆಚೆ ಐತೆ. ನೀನೇ ಬಂದು ಹತ್ತು!" ಎಂದವಳೇ ಅಂದಿನ ವಿಷಯಕ್ಕೆ ಬಂದಳು. ಕಾಂಪೋಸ್ಟು ಗುಂಡಿಯನ್ನು ನೆರಳಿನಲ್ಲಿ ಮಾಡಿ ಎಂದು ನಾನು ಹೇಳಿದ್ದೇ ತಪ್ಪಾಗಿತ್ತು. "ನೆರಳಂತೆ ನೆರಳು! ಗುಂಡಿಗೇನ್ ಮದ್ವೆ ಚಪ್ಪರ ಹಾಕ್ಸ್ಬೇಕಾ? ನಿಮ್ಮವ್ವ ಗುಂಡಿ ತೋಡಿದ್ಲು, ನಾನು ತೋಡಿದೀನಿ, ಯಾವಳ್ಲಾ ನೆರಳು ಹುಡುಕ್ಕಂಡು ಹೋಗಿದ್ದು..."

ನನ್ನ ಹೆಡ್‌ಫೋನಿನಲ್ಲಿ ಬೈಗುಳ ಎರಡೆರಡು ಸಲ ಕೇಳಿಸುತ್ತಿತ್ತು. ಒಂದು ದೊಡ್ಡಮ್ಮನ ಬಾಯಿಂದ. ಅದರ ಬೆನ್ನಿಗೇ, ಸ್ವಲ್ಪ ತಡವಾಗಿ, ಅವಳ ಅಟ್ಟದಿಂದ. ಇಂಜಿನಿಯರು ಗಾಜಿನಾಚೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ದೊಡ್ಡಮ್ಮನ ಮಾತು ನಿಂತಿತು.

"ದೊಡ್ಡಮ್ಮ? ಇದೀಯಾ?"

ಬಹಳ ಸಣ್ಣ ದನಿಯಲ್ಲಿ ಉತ್ತರ ಬಂತು. "ಲೇ ಶಿವು... ಅಟ್ಟದಾಗೆ ಯಾವಳೋ ಹೆಂಗ್ಸು ನಿಂಗೆ ಬಯ್ತಾವ್ಳೆ ಕಣ್ಲಾ."

"ಅದು ನೀನೇ ದೊಡ್ಡಮ್ಮ."

"ನಾನಾ?"

"ಹೂ."

"ಇಷ್ಟ್ ಜೋರಾಗಾ?"

"ಹೂ."

"ದಿನಾನೂವಾ?"

"ದಿನಾ ದೊಡ್ಡಮ್ಮ."

ದೊಡ್ಡಮ್ಮ ನಿಟ್ಟುಸಿರು ಬಿಟ್ಟು, "ಅಯ್ಯೋ ಪಾಪ" ಎಂದಳು. ಇಷ್ಟು ವರ್ಷದ ಮೇಲೆ, ಅದೂ ಇಡೀ ಸೀಮೆ ಕೇಳುತ್ತಿರುವಾಗ, ದೊಡ್ಡಮ್ಮ ನನಗೆ ಕನಿಕರ ತೋರಿಸಿದ್ದಳು. "ಇರ್ಲಿ ಬುಡು ದೊಡ್ಡಮ್ಮ, ನಂಗೇನೂ ಬೇಜಾರಿಲ್ಲ" ಎಂದೆ.

"ನಿಂಗಲ್ಲ ಕಣ್ಲಾ," ಎಂದಳು ದೊಡ್ಡಮ್ಮ, "ಆ ಇಲಿಗಳ್ಗೆ."